ಎರಡಡಿಗಿಂತ ಉದ್ದವಾಗಿರುವ ಎರಡಡಿ ಸ್ಕೇಲಿನವರಿಗೆ

ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ, ಉಳಿಗಳ ಸಾಲಿನ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಪವಡಿಸಿರುವ ಮಾನ್ಯ ಉಕ್ಕಿನ ಸ್ಕೇಲ್ ಅವರ ಸನ್ನಿಧಾನಕ್ಕೆ ಬಾಗಲಗುಂಟೆಯ ವೇಣಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನನಗೆ ಗೊತ್ತು. ತಮಗೆ ತುಕ್ಕು ಹಿಡಿಯದಂತೆ ವಾರಕ್ಕೊಮ್ಮೆ ಎಣ್ಣೆ ಒರೆಸುವವಳು ನಾನೇ. ನನ್ನ ಕ್ಷೇಮವನ್ನು ತಾವು ವಿಚಾರಿಸಿದವರಲ್ಲ, ಆದರೂ ಹೇಳುತ್ತೇನೆ: ಕೈಯ ಹತ್ತು ಬೆರಳುಗಳೂ ಇವೆ. ಇದರಲ್ಲಿ ತಮ್ಮ ಸಹಾಯ ಏನೂ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಡೈರಿಯಲ್ಲಿ ದಿನಕ್ಕೆರಡು ಸಾಲು ಬರೆಯುವುದು ಬಿಟ್ಟರೆ ಬರವಣಿಗೆ ಗೊತ್ತಿಲ್ಲ. ದೂರನ್ನು ತಮ್ಮ ಕಿವಿಯಲ್ಲೇ ಹೇಳಿ ಮುಗಿಸಬಹುದಿತ್ತು, ಆದರೆ ತಮ್ಮಂಥ ಗಂಭೀರ ಮುಖದವರು ಬೇರೆ ಮನೆಗಳಲ್ಲೂ ಇರಬಹುದು, ಅಲ್ಲಿನವರಾದರೂ ಎಚ್ಚರವಾಗಿರಲಿ ಎಂದು ನಾಲ್ಕು ಜನರಿಗೆ ಕಾಣುವಂತೆ ಬರೆಯುತ್ತಿದ್ದೇನೆ.

ತಮ್ಮ ಒಡೆಯರು, ಅಂದರೆ ನಮ್ಮನೆಯವರು, ಗೋಪಾಲಪ್ಪನವರು, ಪೀಣ್ಯದ ಒಂದು ಫೌಂಡ್ರಿಯಲ್ಲಿ ಪ್ಯಾಟ್ರನ್ ಮಾಡುತ್ತಿದ್ದರು. ಎರಕ ಹೊಯ್ಯಬೇಕಾದ ಭಾಗವನ್ನು ಮೊದಲು ಮರದಲ್ಲಿ ಕೆತ್ತಿ ಕೊಡುವ ಕೆಲಸ ಅದು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಲೋಹ ಸುರಿಯುತ್ತಾರೆ. ಹೋದ ಆಷಾಢದಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತವರು ಕೈ ತೊಳೆಯಲು ಏಳಲಿಲ್ಲ. ಅಂದು ತಾವು ಇದೇ ಕೆಂಪು ಬಟ್ಟೆಯೊಳಗೆ ಇದ್ದಿರಿ. ಯಾರೂ ತಮಗೆ ವಿಷಯ ತಿಳಿಸಿರಲಿಕ್ಕಿಲ್ಲ. ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮೆಯಿರಲಿ.

ಕೆಳಗಿನ ಕೋಣೆಯಲ್ಲಿ ಅವರ ಮರ ಕೊಯ್ಯುವ ಮೆಷಿನ್ನಿದೆ. ರಜೆಯ ದಿನ ಅವರು ಹಲಗೆಯನ್ನು ಈ ಕಡೆಯಿಂದ ತಳ್ಳುವರು, ನಾನು ಆ ಕಡೆ ನಿಂತು ಕೊಯ್ದು ಬಂದ ತುದಿಯನ್ನು ಹಿಡಿಯುವೆ. "ಎಳೀಬೇಡ ಕಣೇ, ಸುಮ್ನೆ ಹಿಡ್ಕೋ, ಅದೇ ಬರುತ್ತೆ" ಎನ್ನುವರು. ಮದುವೆಯಾದಾಗಿನಿಂದ ನಾನು ಕಲಿತ ಬಡಗಿ ವಿದ್ಯೆ ಇದೊಂದೇ: ಆ ತುದಿ ಹಿಡಿಯುವುದು. ಅವರು ಹೋದಮೇಲೆ ಸಂಬಂಧಿಕರು ನನಗೆ ಏನೇನೋ ಸಲಹೆ ಕೊಟ್ಟರು, ಭಜನೆಗೆ ಹೋಗು, ಟೀವಿ ನೋಡು, ಕಾಶಿಗೆ ಹೋಗಿ ಬಾ ಎಂದರು. ನನಗೆ ಬೇಕೆನ್ನಿಸಿದ್ದು ಆ ಮೆಷಿನ್ನಿನ ಸದ್ದು. ಈ ಸಲ ನಾನು ಈ ಕಡೆ ನಿಲ್ಲುತ್ತೇನೆ, ಮಣೆ ಮಾಡುತ್ತೇನೆ, ಬೀದಿಯವರಿಗೂ ಬಾಡಿಗೆಯವರಿಗೂ ಬೇಕಾದರೆ ಕೊಡುತ್ತೇನೆ ಎಂದುಕೊಂಡೆ.

ಆದರೆ ಆ ಕೋಣೆಯ ಮೇಲೆ ನನ್ನ ಮೈದುನ ನರಸಪ್ಪನವರ ಕಣ್ಣಿತ್ತು. ಒಂದು ಕಾಲಕ್ಕೆ ಅವರೆಯೂ ರಾಗಿಯೂ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿರುವ ಮನೆತನ ನಮ್ಮದು, ಖಾಲಿ ಜಾಗ ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ. "ಅತ್ಗೇ, ಆ ಮೆಷಿನ್ನು ಕಟ್ಕೊಂಡು ನೀವೇನ್ ಮಾಡ್ತೀರಿ? ಮಾರಾಕಿ. ಶಟರ್ ಹಾಕ್ಸಿ ಕೊರಿಯರ್ನೋರಿಗೆ ಗೋಡೌನ್ ಕೊಡಣ" ಎಂದರು. ನಾನು ಒಪ್ಪಲಿಲ್ಲ. ಕೊನೆಗೆ ಹೀಗೆಂದು ತೀರ್ಮಾನವಾಯಿತು: ಯುಗಾದಿಯೊಳಗೆ ಅದು ಒಬ್ಬ ಹೆಂಗಸು ಅಪಾಯವಿಲ್ಲದೆ ಕೆಲಸ ಮಾಡುವಂಥ ಜಾಗ ಆಗಬೇಕು, ಆಗದಿದ್ದರೆ ಶಟರ್.

ಅಪಾಯವಿದೆಯೋ ಇಲ್ಲವೋ ಎಂದು ನೋಡುವ ಅಧಿಕಾರಿ ನನ್ನ ಮಗಳು ದಿವ್ಯಾ. ಅವಳು ದಾಸರಹಳ್ಳಿಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ, ಫ್ಯಾಕ್ಟರಿಗಳಲ್ಲಿ ಮೆಷಿನ್ನಿಗೆ ಕೊಟ್ಟು ಬಂದ ಕೈಗಳನ್ನು ಮತ್ತೆ ಮಡಚಲು ಕಲಿಸುವುದೇ ಅವಳ ಕೆಲಸ. "ಅಮ್ಮಾ, ಮೆಷಿನ್ ಮುಟ್ಟೋದಾದ್ರೆ ನಾನ್ ಹೇಳ್ದಂಗೆ ಕೇಳ್ಬೇಕು, ಇಲ್ಲಾಂದ್ರೆ ಮೇನ್ ಸ್ವಿಚ್ಚೇ ಕಿತ್ತಾಕ್ತೀನಿ" ಎಂದಳು. ವೈರಿಂಗ್ ಹೊಸದು, ಅರ್ಥಿಂಗ್ ಸರಿಯಾಗಿರಬೇಕು. ನೆರಳು ಬೀಳದಂತೆ ಎರಡು ಕಡೆ ಟ್ಯೂಬ್‌ಲೈಟು. ಪುಡಿ ಎಳೆದು ಹೊರಹಾಕಲು ಫ್ಯಾನು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕು. ಎಣ್ಣೆ ಬಟ್ಟೆ ಹಾಕಲು ಮುಚ್ಚಳವಿರುವ ಡಬ್ಬಿ, ಗೋಡೆಗೆ ಬೆಂಕಿ ಆರಿಸುವ ಸಿಲಿಂಡರ್. ಸಿಮೆಂಟ್ ನೆಲದ ಮೇಲೆ ನಿಂತು ನಿಂತು ಮಂಡಿ ಹೋಗದಿರಲು ರಬ್ಬರ್ ಮ್ಯಾಟು. ಎಲ್ಲಕ್ಕಿಂತ ಮುಖ್ಯವಾಗಿ, ಹಲಗೆಯ ಆ ತುದಿಯನ್ನು ಹಿಡಿಯುವವರು ಇಲ್ಲದ ಕಾರಣ, ಮೆಷಿನ್ನಿನ ಹಿಂದೆ ಅದೇ ಎತ್ತರದ ಒಂದು ಬೆಂಚು, ಕೊಯ್ದು ಬಂದ ಹಲಗೆ ಅದರ ಮೇಲೆ ಜಾರಿ ನಿಲ್ಲುವಂತೆ.

ಸೆರಗು ಕೂಡದು, ಬಿಟ್ಟ ಜಡೆ ಕೂಡದು, ಬಳೆ ಕೂಡದು ಎಂದೂ ಹೇಳಿದಳು. ಬಳೆಯ ವಿಷಯದಲ್ಲಿ ನಮ್ಮ ಬಂಧುಬಳಗದವರ ಮುಂದಾಲೋಚನೆಯನ್ನು ಇಲ್ಲಿ ಸ್ಮರಿಸಲೇಬೇಕು. ಹೋದ ಆಷಾಢದಲ್ಲೇ, ನಾನು ಮೆಷಿನ್ನಿನ ಹತ್ತಿರವೂ ಸುಳಿಯುವ ಮೊದಲೇ, ಹತ್ತು ಜನ ಸೇರಿ ನನ್ನ ಕೈಯ ಬಳೆ ತೆಗೆಸಿದ್ದರು. ಅದು ಕೈಗಾರಿಕಾ ಸುರಕ್ಷತೆಗಾಗಿ ಎಂದು ಆಗ ಯಾರೂ ಹೇಳಲಿಲ್ಲ, ನಾನು ಸುಮ್ಮನೆ ಬೇಜಾರು ಮಾಡಿಕೊಂಡೆ. ಈಗ ನಾನು ಚೂಡಿದಾರದ ಮೇಲೆ ನಮ್ಮನೆಯವರ ಹಳೆಯ ಕಂಪನಿ ಶರ್ಟು ಹಾಕಿಕೊಂಡು ಕೆಲಸಕ್ಕೆ ನಿಲ್ಲುತ್ತೇನೆ.

ಮಾನ್ಯರೇ, ಇಲ್ಲಿಂದ ತಮ್ಮ ಪ್ರವೇಶ.

ಅಳೆಯಲು ಮನೆಯಲ್ಲಿ ತಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ನಮ್ಮನೆಯವರ ಹತ್ತಿರ ಒಂದು ಹಳದಿ ಟೇಪು ಇತ್ತು, ಮನೆಯ ಕೆಲಸಕ್ಕೆಲ್ಲಾ ಅದನ್ನೇ ಬಳಸುತ್ತಿದ್ದರು, ಅವರು ಹೋದಮೇಲೆ ಅದು ಕಾಣಲಿಲ್ಲ. ತಮ್ಮನ್ನು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. ಒಮ್ಮೆ ನಾನು ಕಿಟಕಿಯ ಪರದೆಗೆಂದು ತಮ್ಮನ್ನು ಎತ್ತಿಕೊಂಡಾಗ "ಏಯ್, ಅದು ಮನೆ ಸ್ಕೇಲಲ್ಲ ಕಣೇ, ಇಡು" ಎಂದು ಕಸಿದುಕೊಂಡಿದ್ದರು. ಕೆಲಸಗಾರನಿಗೆ ಹತಾರದ ಮೇಲೆ ಇರುವ ಮೋಹ ಎಂದುಕೊಂಡೆ. ಇಷ್ಟು ಜೋಪಾನ ಮಾಡಿದ ಸ್ಕೇಲೆಂದರೆ ಎಷ್ಟು ನಿಖರವಾಗಿರಬೇಕು ಎಂದು ತಮ್ಮ ಮೇಲಿನ ಗೌರವ ಇಮ್ಮಡಿಯಾಯಿತು.

ಆ ಗೌರವದಿಂದಲೇ ಪ್ಲೈವುಡ್ಡಿನಲ್ಲಿ ಹನ್ನೆರಡು ಇಂಚಿನ ಚೌಕ ಅಳೆದು, ಹನ್ನೆರಡು ಇಂಚಿನ ಫ್ಯಾನಿಗೆ ಕಿಂಡಿ ಕೊರೆದೆ. ಫ್ಯಾನು ಅದರೊಳಗೆ ಸಡಿಲ ಹಲ್ಲಿನಂತೆ ಅಲ್ಲಾಡಿತು. ಹಳೇ ಸೀರೆಯ ಚೂರು ತುರುಕಿದೆ. ರಬ್ಬರ್ ಮ್ಯಾಟಿನ ಪೊಟ್ಟಣದ ಮೇಲೆ ಬರೆದ ಅಳತೆ ನೋಡಿ, ಅದು ಜಾರದಂತೆ ಸುತ್ತಲೂ ಮರದ ಪಟ್ಟಿಯ ಚೌಕಟ್ಟು ಮಾಡಿದೆ. ಚೌಕಟ್ಟಿಗೂ ಮ್ಯಾಟಿಗೂ ನಡುವೆ ಕಾಲಿನ ಹೆಬ್ಬೆರಳು ಸಿಕ್ಕಿಕೊಳ್ಳುವಷ್ಟು ಸಂದು ಉಳಿಯಿತು, ಸಿಕ್ಕಿಕೊಂಡಿತು ಕೂಡ. ಅಲ್ಲಿಗೆ ತಾವು ಅಳೆದದ್ದೆಲ್ಲಾ ದೊಡ್ಡದಾಗುತ್ತದೆ ಎಂದಾದರೂ ನಂಬಿಕೊಂಡಿರಬಹುದಿತ್ತು. ತಾವು ಅದಕ್ಕೂ ಬಿಡಲಿಲ್ಲ. ಮೆಷಿನ್ನಿನ ಎತ್ತರವನ್ನು ತಮ್ಮಲ್ಲಿ ಅಳೆದು, ಆ ಲೆಕ್ಕವನ್ನು ಪ್ಲೈವುಡ್ ಅಂಗಡಿಯವರಿಗೆ ಹೇಳಿ ಬೆಂಚಿನ ಕಾಲು ಕೊಯ್ಯಿಸಿ ತಂದರೆ ಬೆಂಚು ಮುಕ್ಕಾಲು ಇಂಚು ತಗ್ಗಾಯಿತು. ಮೊದಲ ಹಲಗೆಯನ್ನು ತಳ್ಳಿದಾಗ ಅದರ ಮೂತಿ ಮೆಷಿನ್ನಿನಿಂದ ಆಚೆ ಬಂದದ್ದೇ ಬೆಂಚಿನ ಮೇಲೆ ದೊಪ್ಪನೆ ಬಿತ್ತು, ನನ್ನ ಕೈಯಲ್ಲಿದ್ದ ಈ ತುದಿ ಗಕ್ಕನೆ ಎದ್ದಿತು. ಬ್ಲೇಡು ತಿರುಗುತ್ತಿತ್ತು. ದಿವ್ಯಾ ಓಡಿ ಬಂದು ಸ್ವಿಚ್ ಆರಿಸಿದಳು, ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಮೇಲೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ನಾನು ಪ್ಲೈವುಡ್ ಅಂಗಡಿಗೆ ಹೋಗಿ ಜಗಳ ಆಡಿದೆ. ಜೀವಮಾನದಲ್ಲಿ ಬೀದಿಯಲ್ಲಿ ದನಿ ಎತ್ತಿದವಳಲ್ಲ ನಾನು. ಅಂಗಡಿಯವರು "ಅಕ್ಕಾ, ನೀವ್ ಹೇಳಿದ್ ಅಳತೆಗೇ ಕುಯ್ದಿರೋದು, ಬೇಕಾದ್ರೆ ಟೇಪ್ ಹಿಡೀರಿ" ಎಂದರು. "ನಿಮ್ಮ ಇಪ್ಪತ್ತು ರೂಪಾಯಿ ಟೇಪಿಗೂ ನಮ್ಮನೆಯವರ ಕಂಪನಿ ಸ್ಕೇಲಿಗೂ ಸಮಾನಾ?" ಎಂದು ಕೇಳಿ ಬಂದೆ. ಮಾನ್ಯರೇ, ತಮ್ಮ ಮಾನ ಕಾಪಾಡಲು ನಾನು ಅಷ್ಟು ದೂರ ಹೋಗಿದ್ದೇನೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಇದೇ ದಿನಗಳಲ್ಲಿ ಮೈದುನರು ಫೋನ್ ಮಾಡಿ "ಅತ್ಗೇ, ಕೆಳಗಿನ ಬಾಗ್ಲು ಅಗ್ಲ ಎತ್ತರ ಎಷ್ಟೈತೆ, ಸುಮ್ನೆ ಒಸಿ ಅಳ್ದು ಯೋಳಿ" ಎಂದಿದ್ದರು. ಸುಮ್ಮನೆ ಏಕೆ ಕೇಳುತ್ತಾರೆ ಎಂದು ನನಗೂ ಗೊತ್ತಿತ್ತು. ಆದರೂ ದೊಡ್ಡ ಮನೆಯ ಸೊಸೆ ಅಳತೆಯಲ್ಲಿ ಮೋಸ ಮಾಡಿದಳು ಎನ್ನಿಸಿಕೊಳ್ಳಬಾರದೆಂದು, ಎಂಟಡಿಯೋ ಏಳಡಿಯೋ ಎಂದು ಅಂದಾಜಿನಲ್ಲಿ ಹೇಳದೆ, ತಮ್ಮನ್ನೇ ಗೋಡೆಗೆ ಒತ್ತಿ, ಪೆನ್ಸಿಲ್ ಗುರುತು ಹಾಕಿ, ಶ್ರದ್ಧೆಯಿಂದ ಅಳೆದು ಹೇಳಿದೆ.

ಯುಗಾದಿಗೆ ಇನ್ನೂ ದಿನಗಳಿರುವಾಗಲೇ ಅವರು ಸಣ್ಣ ಟೆಂಪೋದಲ್ಲಿ ಶಟರ್ ಹೇರಿಕೊಂಡು, ಫಿಟ್ಟರನ್ನೂ ಕರೆದುಕೊಂಡು ಬಂದರು. ಬಾಗಿಲಿನ ಎರಡೂ ಕಡೆ ಪಟ್ಟಿ ನಿಲ್ಲಿಸಿ ಶಟರ್ ಎತ್ತಿ ಹಿಡಿದರೆ ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಕಳಚುತ್ತದೆ. ಅಗಲ ಸಾಲದು, ಎತ್ತರವೂ ಸಾಲದು. "ನಾನ್ ಕೊಟ್ಟ ಅಳ್ತೆಗೆ ಮಾಡಿಲ್ವೇನಯ್ಯಾ?" ಎಂದು ಮೈದುನರು ಜೇಬಿನಿಂದ ಟೇಪು ತೆಗೆದು ಶಟರ್ ಅಳೆದರು. ಕೊಟ್ಟ ಅಳತೆಗೆ ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. ಫಿಟ್ಟರು "ಸಾರ್, ನಮ್ದೇನಿಲ್ಲ. ಬಾಗ್ಲುನ್ನ ಮೇಲೆ ಕೆಳಗೆ ಎಲ್ಲಾ ಕಡೆ ಹೊಸ್ದಾಗಿ ಅಳ್ದು ಬರ್ಕೊಂಡ್ ಬನ್ನಿ" ಎಂದು ಬೀಡಿ ಹಚ್ಚಿಕೊಂಡ. ಮೈದುನರು ನನ್ನ ಕಡೆ ತಿರುಗಿ "ಏನತ್ಗೇ, ಇಂಗಾ ಅಳೆಯೋದು? ರವಿಕೆ ಹೊಲಿಯೋ ಟೇಪ್‌ನಲ್ಲಿ ಅಳ್ದ್ರೇನೋ!" ಎಂದರು. ಅಷ್ಟರಲ್ಲಿ ದಿವ್ಯಾ ಮೇಲಿನಿಂದ ಇಳಿದು ಬಂದು, "ಚಿಕ್ಕಪ್ಪಾ, ಯುಗಾದಿ ಅಂತ ಮಾತಾಗಿತ್ತಲ್ವಾ? ಹಬ್ಬ ಯಾವತ್ತು ಅಂತ ಕ್ಯಾಲೆಂಡರ್ ತರ್ಲಾ?" ಎಂದಳು. ಅವರು ಟೇಪನ್ನು ಬೆಂಚಿನ ಮೇಲೆ ಕುಕ್ಕಿ, ನಾನು ಕೊಟ್ಟ ಕಾಫಿಯನ್ನು ನಿಂತೇ ಕುಡಿದು, ಶಟರ್ ಹೇರಿಸಿಕೊಂಡು ಹೋಗಿಬಿಟ್ಟರು. ಸಿಟ್ಟಿನಲ್ಲಿ ಟೇಪು ಮರೆತರು.

ಆ ಟೇಪು ಹಳದಿ. ಅದರ ಬೆನ್ನಿನ ಮೇಲೆ ಮೊಳೆಯಿಂದ ಗೀಚಿದ 'ಗೋ' ಎಂಬ ಅಕ್ಷರ. ತಿಥಿಯ ದಿನ ಅಣ್ಣನ ನೆನಪಿಗೆಂದು ತೆಗೆದುಕೊಂಡರೋ, ಕೋಣೆ ಅಳೆಯಲು ಬೇಕಾಯಿತೋ, ನಾನು ಕೇಳಲಿಲ್ಲ. ತಮ್ಮ ಪಕ್ಕದಲ್ಲೇ ಅದು ಬಿದ್ದಿತ್ತು. ಸುಮ್ಮನೆ ಎಳೆದು ತಮ್ಮ ಮಗ್ಗುಲಿಗೆ ಹಿಡಿದೆ. ಟೇಪಿನಲ್ಲಿ ಎರಡಡಿ ಮುಗಿದಮೇಲೂ ತಾವು ಮುಗಿಯಲಿಲ್ಲ, ಇನ್ನೂ ಅರ್ಧ ಇಂಚು ಮುಂದೆ ಹೋಗಿ, ಅಲ್ಲಿ ನಿಂತು, ಇದೇ ಎರಡಡಿ ಎಂದು ಮುಖದಲ್ಲಿ ಒಂದು ಗೆರೆಯೂ ಅಳುಕದೆ ಹೇಳುತ್ತಿದ್ದಿರಿ.

ನಮ್ಮನೆಯವರ ಜೊತೆ ಫೌಂಡ್ರಿಯಲ್ಲಿದ್ದ ವೆಂಕಟಪ್ಪನವರಿಗೆ ಫೋನ್ ಮಾಡಿದೆ. ಅವರು ಕೆಮ್ಮು ಬರುವವರೆಗೂ ನಕ್ಕರು. "ಅಯ್ಯೋ ತಾಯೀ, ಅದು ಶ್ರಿಂಕೇಜ್ ಸ್ಕೇಲು! ಉಕ್ಕಿಗೆ ಅಂತ್ಲೇ ಮಾಡಿರೋದು. ಕರಗ್ಸಿ ಸುರಿದ್ ಉಕ್ಕು ತಣ್ಣಗಾದ್ಮೇಲೆ ಕುಗ್ಗೋಗ್ತದಲ್ಲ, ಅದ್ಕೇ ಅಚ್ಚನ್ನ ಅಷ್ಟು ದೊಡ್ಡದಾಗೇ ಮಾಡ್ಬೇಕು. ಲೆಕ್ಕ ಹಾಕೋ ತಲೆನೋವು ಬ್ಯಾಡ ಅಂತ ಸ್ಕೇಲ್ನೇ ಉದ್ದ ಮಾಡವ್ರೆ, ಅಡಿಗೆ ಕಾಲಿಂಚು. ನೀವು ಅದ್ರಲ್ಲಿ ಮನೆ ಬೆಂಚ್ ಮಾಡಿದ್ರಾ!" ಎಂದರು. ಆಮೇಲೆ "ಗೋಪಾಲಣ್ಣ ಇದ್ದಿದ್ರೆ ಬಿದ್ದೂ ಬಿದ್ದೂ ನಗೋರು" ಎಂದರು.

ಹಾಗಾದರೆ ತಾವು ಸುಳ್ಳುಗಾರರಲ್ಲ. ತಮ್ಮಿಂದ ಗುರುತು ಹಾಕಿ ನಾನೇ ಕೊಯ್ದದ್ದು ದೊಡ್ಡದಾಯಿತು, ತಮ್ಮಲ್ಲಿ ಅಳೆದು ಬೇರೆಯವರ ಟೇಪಿಗೆ ಒಪ್ಪಿಸಿದ ಬೆಂಚೂ ಶಟರೂ ಚಿಕ್ಕವಾದವು, ಅಷ್ಟೇ. ತಣ್ಣಗಾದಮೇಲೆ ಏನು ಉಳಿಯುತ್ತದೆ ಎಂದು ಮೊದಲೇ ಯೋಚಿಸಿ ಅಷ್ಟು ಹೆಚ್ಚಿಗೆ ಹಿಡಿಯುವವರು. ಇಂಥ ದೊಡ್ಡ ಗುಣದವರನ್ನು ಅನುಮಾನಿಸಿದ್ದಕ್ಕೆ ನನಗೆ ನಾಚಿಕೆಯಾಗಬೇಕಿತ್ತು, ಆದರೆ ಆದದ್ದು ಸಿಟ್ಟು. ಯಾಕೆಂದರೆ ನಮ್ಮನೆಯವರೂ ಹೀಗೆಯೇ ಇದ್ದರು. ನನಗೆ ಚಪ್ಪಲಿ ತಂದರೆ ಒಂದು ಸೈಜು ದೊಡ್ಡದು, ಹುರುಳಿಕಾಯಿ ತಂದರೆ ಮೂರು ಮನೆಗಾಗುವಷ್ಟು. ಯಾರ ಮೇಲಾದರೂ ನಾನು ಉರಿದುಬಿದ್ದರೆ "ತಣ್ಣಗಾಗ್ಲಿ ಬಿಡೇ, ಕುಗ್ಗುತ್ತೆ" ಎನ್ನುವರು. ಅದು ಫೌಂಡ್ರಿಯ ಮಾತೆಂದು ನನಗೆ ಗೊತ್ತಾದದ್ದು ವೆಂಕಟಪ್ಪನವರ ಫೋನ್ ಇಟ್ಟ ಮೇಲೆ. ಮಾನ್ಯರೇ, ಈ ಮನೆ ತಣ್ಣಗಾಗಿ ಬರುವ ಆಷಾಢಕ್ಕೆ ವರ್ಷ. ಅನ್ನದ ಪಾತ್ರೆ ಕುಗ್ಗಿದೆ, ಮಾತು ಕುಗ್ಗಿದೆ, ಹಾಸಿಗೆಯಲ್ಲಿ ನಾನು ಮಲಗುವ ಜಾಗವೂ ಗೋಡೆಯ ಕಡೆಗೆ ಕುಗ್ಗಿದೆ. ಅಡಿಗೆ ಕಾಲಿಂಚು ಎಂಬ ತಮ್ಮ ಲೆಕ್ಕ ಉಕ್ಕಿಗೆ ಸಾಕಾಗಬಹುದು, ಇಲ್ಲಿಗೆ ಸಾಲದು ಎಂದು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಆದ್ದರಿಂದ ಈ ಕೆಳಗಿನ ವಿಷಯಗಳಲ್ಲಿ ತಾವು ದಯಮಾಡಿ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ. ಪ್ಲೈವುಡ್ ಅಂಗಡಿಯವರ ಬಳಿಗೆ ತಾವೇ ನಡೆದು ಹೋಗಿ ನನ್ನ ಪರವಾಗಿ ಕ್ಷಮೆ ಕೇಳಬೇಕು, ನನಗೆ ಆ ಬೀದಿಯಲ್ಲಿ ತಲೆ ಎತ್ತಿ ಹೋಗಲಾಗುತ್ತಿಲ್ಲ. ನನ್ನ ಕಾಲಿನ ಹೆಬ್ಬೆರಳಿಗೂ ಒಂದು ಮಾತು ಹೇಳಬೇಕು. ನನ್ನ ಮಧ್ಯಾಹ್ನಗಳು ಊಟದ ಹೊತ್ತಿನಿಂದ ಕಾಫಿಯ ಹೊತ್ತಿನವರೆಗೆ ವಿಪರೀತ ಉದ್ದವಾಗಿವೆ, ಅವು ಯಾವ ಲೋಹದ ಸ್ಕೇಲಿನಲ್ಲಿ ಅಳೆದವು ಎಂದು ವಿಚಾರಿಸಿ, ಸಾಧ್ಯವಾದರೆ ಮನೆ ಸ್ಕೇಲಿಗೆ ಇಳಿಸಿ ಕೊಡಬೇಕು. ಮತ್ತು ಆ ದಿನ ಪರದೆ ಅಳೆಯಲು ಹೋದಾಗ ನಮ್ಮನೆಯವರು ತಮ್ಮನ್ನು ನನ್ನ ಕೈಯಿಂದ ಕಸಿದುಕೊಂಡರಲ್ಲ, ಆಗ ತಮ್ಮ ವಿಷಯವನ್ನು ಇನ್ನೊಂದು ಮಾತಿನಲ್ಲಿ ಬಿಡಿಸಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಕೇಳಿ ತಿಳಿಸಬೇಕು. ಕೇಳಲು ನನಗೆ ದಾರಿ ಇಲ್ಲ. ತಮ್ಮ ಜೊತೆ ಅವರು ನನಗಿಂತ ಹೆಚ್ಚು ಹೊತ್ತು ಕಳೆದವರು.

ಉತ್ತರಕ್ಕೆ ಕಾಯುತ್ತಾ ಕೂರಲಿಲ್ಲ. ಟೇಪು ಹಿಡಿದು ಎಲ್ಲವನ್ನೂ ಮತ್ತೆ ಅಳೆದೆ. ಬೆಂಚಿನ ನಾಲ್ಕು ಕಾಲಿನ ಅಡಿಗೂ ಮುಕ್ಕಾಲು ಇಂಚಿನ ಮರದ ಬಿಲ್ಲೆ ಕೊಟ್ಟೆ. ಫ್ಯಾನಿನ ಸುತ್ತ, ಮ್ಯಾಟಿನ ಸುತ್ತ ತೆಳು ಪಟ್ಟಿ ಬಡಿದೆ. ತಾವು ದಯಪಾಲಿಸಿದ ಸಂದುಗಳೆಲ್ಲ ಮುಚ್ಚಿದವು. ಮೊನ್ನೆ ಅಧಿಕಾರಿಗಳಾದ ದಿವ್ಯಾ ಅವರು ಕೈಕಟ್ಟಿ ಸ್ವಿಚ್ಚಿನ ಪಕ್ಕದಲ್ಲಿ ನಿಂತರು. ನಾನು ಕನ್ನಡಕ ಹಾಕಿ ಹಲಗೆ ತಳ್ಳಿದೆ, ಕೊನೆಯ ಗೇಣನ್ನು ಕೈಯಿಂದಲ್ಲ, ಅವಳು ಹೇಳಿದಂತೆ ಕೋಲಿನಿಂದ ತಳ್ಳಿದೆ. ಹಲಗೆ ಬ್ಲೇಡು ದಾಟಿ, ಬೆಂಚಿನ ಮೇಲೆ ಜಾರಿ, ಅಲ್ಲೇ ಸುಮ್ಮನೆ ನಿಂತಿತು. ಯಾರೂ ಎಳೆಯಲಿಲ್ಲ. ಅದೇ ಬಂತು. ಅಭ್ಯಾಸಬಲದಿಂದ ನಾನು ಆ ತುದಿ ಹಿಡಿಯಲು ಸುತ್ತಿಕೊಂಡು ಹೋದೆ, ಹಿಡಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ದಿವ್ಯಾ "ಪಾಸ್" ಎಂದು ಹೇಳಿ ಬೇರೆ ಕಡೆ ನೋಡಿದಳು.

ತಮ್ಮ ಅರ್ಧ ಇಂಚನ್ನೂ ಸೇರಿಸಿ ಗೌರವಿಸುವ, ಇನ್ನು ಮುಂದೆ ಟೇಪಿನಲ್ಲೇ ಅಳೆಯುವ,
ತಮ್ಮ ವಿಶ್ವಾಸಿ,
ವೇಣಿ ಗೋಪಾಲಪ್ಪ
ಬಾಗಲಗುಂಟೆ

ಮರೆತ ಮಾತು: ಇಂದು ಬೆಳಿಗ್ಗೆ ಮೈದುನರು ಫೋನ್ ಮಾಡಿದ್ದರು. ದಿವ್ಯಾಳ ಪಾಸು ಅವರಿಗೆ ಒಪ್ಪಿಗೆಯಿಲ್ಲವಂತೆ, ಯುಗಾದಿ ಮಾರನೇ ದಿನ ಹೊಸ ಶಟರಿಗೆ ಹೇಳುತ್ತಾರಂತೆ. "ಈ ಸಲ ನಾನೇ ಅಳೀತೀನಿ ಅತ್ಗೇ, ಎಂಗುಸ್ರು ಅಳ್ತೆ ನಂಬಿ ಒಂದ್ಸಲ ಕೆಟ್ಟಿದ್ದು ಸಾಕು. ನನ್ ಟೇಪು ಎಲ್ಲೋ ಬಿದ್ದೋಗೈತೆ. ಅಣ್ಣನ ಕಂಪ್ನಿ ಸ್ಕೇಲ್ ಐತಲ್ಲ, ಅದನ್ನ ಎತ್ತಿಡಿ, ಅದಾದ್ರೆ ಕರೆಕ್ಟಾಗಿರ್ತದೆ" ಎಂದರು. ಆಗಲಿ ಎಂದೆ. ಕೆಂಪು ಬಟ್ಟೆ ಬಿಚ್ಚಿ, ತಮಗೆ ಎಣ್ಣೆ ಒರೆಸಿ, ಬಾಗಿಲ ಪಕ್ಕದಲ್ಲೇ ಇಟ್ಟಿದ್ದೇನೆ. ಟೇಪು ನನ್ನ ಶರ್ಟಿನ ಜೇಬಿನಲ್ಲಿದೆ.